ಸಬ್ ಇನ್ಸ್‌ಪೆಕ್ಟರಿಂದ ಸಬ್ಸಿಡಿವರೆಗೆ: ಇಂಗ್ಲಿಷ್ ಪದ ಬಿಡಿಸಿ ಕಲಿಯೋದು ಹೀಗೆ

ಮಂಡ್ಯ ಕಡೆ ಇಂಗ್ಲಿಷೇ ಬರೋದಿಲ್ಲ ಅನ್ನುವ ಮನೆಯಲ್ಲೂ 'ಸಬ್' ದಿನಾ ಓಡಾಡುತ್ತಿರುತ್ತದೆ. ಸಬ್‌ಮರ್ಸಿಬಲ್ ಮೋಟ್ರು ಸುಟ್ಟಿದೆ, ಸಬ್‌ಸ್ಟೇಷನ್ನಿನಲ್ಲೇ ಕರೆಂಟ್ ತೆಗೆದಿದ್ದಾರೆ, ಡ್ರಿಪ್ಪಿಗೆ ಸಬ್ಸಿಡಿ ಬಂತಾ, ನಾಳೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಬೇಕು. ಡಿಕ್ಷನರಿ ತೆಗೆದು ಮೊದಲ ಪುಟದಿಂದ ಬಾಯಿಪಾಠ ಹೊಡೆಯುವ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ನಾನು ಹೇಳೋದು ಇದನ್ನೇ. ಅದನ್ನು ಆಚೆ ಇಡಿ. ಈಗಾಗಲೇ ಬಾಯಲ್ಲಿರುವ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಅಲ್ಲಿಂದ ಶುರು ಮಾಡಿ.

ಎಸ್, ಯು, ಬಿ. ಲ್ಯಾಟಿನ್ ಭಾಷೆಯಿಂದ ಬಂದದ್ದು, ಮೂಲ ಅರ್ಥ 'ಕೆಳಗೆ'. ನಮ್ಮ 'ಉಪ' ಇದಕ್ಕೆ ದೂರದ ನೆಂಟ, ಎರಡೂ ಒಂದೇ ಬೇರಿನಿಂದ ಬಂದವು. ಹಾಗಾಗಿ ಹೊಸ ಪದ ಸಿಕ್ಕರೆ ಮೊದಲು 'ಉಪ' ಹಾಕಿ ನೋಡಿ. ಪಾಂಡವಪುರ ಸಬ್ ಡಿವಿಷನ್ ಅಂದರೆ ಪಾಂಡವಪುರ ಉಪವಿಭಾಗ, ಸಬ್ ರಿಜಿಸ್ಟ್ರಾರ್ ಅಂದರೆ ಉಪನೋಂದಣಾಧಿಕಾರಿ, ಸಬ್‌ಸ್ಟೇಷನ್ ಅಂದರೆ ಉಪಕೇಂದ್ರ. ಸರ್ಕಾರಿ ಬೋರ್ಡು ಓದುತ್ತಾ ಹೋದರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ಇಲ್ಲೆಲ್ಲ 'ಕೆಳಗೆ' ಅಂದರೆ ದರ್ಜೆಯಲ್ಲಿ ಕೆಳಗೆ, ಇಲ್ಲವೇ ದೊಡ್ಡದರ ಒಂದು ಭಾಗ.

ಆದರೆ 'ಸಬ್ ಅಂದ್ರೆ ಕೆಳಗೆ' ಅಂತ ಸುಮ್ನೆ ಉರು ಹೊಡೆದರೆ ಬೇಗ ಸಿಕ್ಕಿಹಾಕಿಕೊಳ್ಳುತ್ತೀರಿ. ಮೈಸೂರಿನ ಸಬರ್ಬನ್ ಬಸ್‌ಸ್ಟ್ಯಾಂಡನ್ನೇ ತೆಗೆದುಕೊಳ್ಳಿ. 'ಅರ್ಬ್' ಅಂದರೆ ಲ್ಯಾಟಿನ್ನಿನಲ್ಲಿ ನಗರ. ಸಬರ್ಬ್ ಅಂದರೆ ನಗರದ ಅಡಿಯಲ್ಲಿರುವ ಸುರಂಗ ಅಲ್ಲವಲ್ಲ! ಇಲ್ಲಿ ಸಬ್ ಅಂದರೆ ಪಕ್ಕ, ಹತ್ತಿರ, ನಗರದ ಮಗ್ಗುಲು. ಊರೂರಿಗೆ ಹೋಗುವ ಬಸ್ಸು ಅಲ್ಲಿಂದ, ನಗರದೊಳಗೆ ಸುತ್ತುವ ಬಸ್ಸು ಸಿಟಿ ಬಸ್‌ಸ್ಟ್ಯಾಂಡಿಂದ.

ಅದಕ್ಕೇ ಎರಡನೇ ಕೆಲಸ: ಸಬ್ ಆದಮೇಲೆ ಒಂದು ಗೆರೆ ಎಳೆಯಿರಿ, ಉಳಿದ ತುಂಡು ಏನು ಅಂತ ಹುಡುಕಿ. ನಿಜವಾದ ಲಾಭ ಇರೋದು ಅಲ್ಲಿ. ಸಬ್‌ಮರ್ಸಿಬಲ್‌ನಲ್ಲಿ 'ಮರ್ಜ್' ಅಂದರೆ ಮುಳುಗಿಸು. ಬೋರಿನೊಳಗೆ ಮೋಟ್ರು, ಪಂಪು ಎರಡೂ ನೀರಿನ ಕೆಳಗೇ ಮುಳುಗಿ ಕೂತು ನೀರನ್ನು ಮೇಲಕ್ಕೆ ತಳ್ಳುತ್ತವೆ, ಹೆಸರಲ್ಲೇ ಕೆಲಸ ಇದೆ. ಸಬ್‌ಮರೀನ್‌ನಲ್ಲಿ 'ಮರೀನ್' ಸಮುದ್ರದ್ದು. ಸಬ್‌ಸ್ಕ್ರೈಬ್‌ನಲ್ಲಿ 'ಸ್ಕ್ರೈಬ್' ಅಂದರೆ ಬರೆ, ಕಾಗದದ ಕೆಳಗೆ ಹೆಸರು ಬರೆದು ಒಪ್ಪಿಕೊಳ್ಳುವುದು. ಈಗ ಬೆಲ್ ಐಕಾನ್ ಒತ್ತಿ ಅಂತಾರೆ, ಬರೆಯುವ ಮಾತೇ ಇಲ್ಲ. ಅದೇ 'ಸ್ಕ್ರೈಬ್' ಡಾಕ್ಟರ್ ಕೊಡುವ ಪ್ರಿಸ್ಕ್ರಿಪ್ಷನ್ನಿನಲ್ಲೂ ಇದೆ. ಲೆಕ್ಕದ ಸಬ್‌ಟ್ರಾಕ್ಷನ್‌ನಲ್ಲಿರುವ 'ಟ್ರಾಕ್ಟ್' ಅಂದರೆ ಎಳೆ. ಅಡಿಯಿಂದ ಎಳೆದು ತೆಗೆಯುವುದೇ ಕಳೆಯುವ ಲೆಕ್ಕ, ಕಬ್ಬಿನ ಲೋಡು ಎಳೆಯುವ ಟ್ರ್ಯಾಕ್ಟರೂ ಅದೇ ಬೇರಿನದು.

ಸಬ್ಸಿಡಿ ನನಗೆ ಬಹಳ ಇಷ್ಟವಾದ ಪದ. 'ಸಿಡಿ' ತುಂಡು 'ಕೂತುಕೊ' ಅನ್ನುವ ಬೇರಿನಿಂದ ಬಂದದ್ದು. ರೋಮನ್ನರ ಯುದ್ಧದಲ್ಲಿ ಮುಂದಿನ ಸಾಲು ಸೋತರೆ ನೆರವಿಗೆ ಬರಲಿ ಅಂತ ಹಿಂದೆ ಕಾಯ್ದಿರಿಸಿದ ಪಡೆಗೆ 'ಸಬ್ಸಿಡಿಯಮ್' ಅನ್ನುತ್ತಿದ್ದರು. ಆಮೇಲೆ ಅದು ನೆರವು ಅಂತಾಯಿತು, ಕೊನೆಗೆ ದುಡ್ಡಿನ ನೆರವು. ಹಿಂದೆ ಕೂತು ಕಾಯೋದು ಈಗ ಸೈನಿಕರಲ್ಲ, ರೈತರು, ಅದು ಬೇರೆ ಮಾತು.

ಸಬ್ಮಿಟ್ ಅಂದರೆ ಕೆಳಗೆ ಇಡು, ಅಂದರೆ ಇನ್ನೊಬ್ಬರ ಕೈಕೆಳಗೆ ಒಪ್ಪಿಸು. ಅದಕ್ಕೇ ಅರ್ಜಿಯನ್ನೂ ಸಬ್ಮಿಟ್ ಮಾಡುತ್ತಾರೆ, ಸೋತವನೂ ಸಬ್ಮಿಟ್ ಆಗುತ್ತಾನೆ. ಸಬ್ಜೆಕ್ಟಿಗೂ ಎರಡು ಮುಖ. ಶಾಲೆಯಲ್ಲಿ ವಿಷಯ, ಅರಸರ ಕಾಲದಲ್ಲಿ ರಾಜನ ಕೈಕೆಳಗಿನ ಪ್ರಜೆ.

ಇನ್ನು ಸ್ವಲ್ಪ ತಲೆ ಕೊಡಬೇಕಾದ ಜಾಗ. 'ಸಬ್' ಕೆಲವು ಸಲ ವೇಷ ಬದಲಿಸುತ್ತದೆ. ಕನ್ನಡ ವ್ಯಾಕರಣದಲ್ಲಿ ಸತ್ + ಜನ ಸೇರಿ ಸಜ್ಜನ ಆಗುತ್ತದೆ ಅಂತ ಸಂಧಿ ಓದಿದ್ದೀರಿ ಅಲ್ವಾ, ಅದೇ ಕಥೆ. ಮುಂದಿನ ಅಕ್ಷರಕ್ಕೆ ಹೊಂದಿಕೊಂಡು 'ಬಿ' ಬದಲಾಗುತ್ತದೆ. ಪೋರ್ಟ್ ಮುಂದೆ ಬಂದರೆ ಸಪೋರ್ಟ್, ಅಡಿಯಿಂದ ಹೊರುವುದು (ರೈಲ್ವೆ ಸ್ಟೇಷನ್ನಿನ ಪೋರ್ಟರ್ ಕೂಡ ಹೊರುವವನೇ). ಪದದ ಕೊನೆಗೆ ಅಂಟಿಸುವ ಸಫಿಕ್ಸ್‌ನಲ್ಲಿ 'ಬಿ' ಹೋಗಿ 'ಎಫ್' ಬಂದಿದೆ, ಸಕ್ಸೀಡ್‌ನಲ್ಲಿ 'ಸಿ'. ಸ್ಪೆಲ್ಲಿಂಗಿನಲ್ಲಿ ಜೋಡಿ ಅಕ್ಷರ ಯಾಕೆ ಬರುತ್ತದೆ ಅಂತ ಇದರಿಂದಲೇ ಗೊತ್ತಾಗುತ್ತದೆ. ಒಂದು 'ಎಫ್' ಹಾಕ್ಬೇಕಾ ಎರಡಾ ಅಂತ ಪರೀಕ್ಷೆಯಲ್ಲಿ ಪೆನ್ನು ಕಚ್ಚುತ್ತಾ ಕೂರೋದು ತಪ್ಪುತ್ತದೆ.

ಕೆಲವು ಕಡೆ ಅದು 'ಸಸ್' ಆಗುತ್ತದೆ. ಸಸ್ಪೆಂಡ್‌ನಲ್ಲಿರುವ 'ಪೆಂಡ್' ಅಂದರೆ ನೇತಾಡು. ಆಫೀಸಿನಲ್ಲಿ ಪೆಂಡಿಂಗ್ ಇರುವ ಫೈಲೂ ಸಸ್ಪೆಂಡ್ ಆದ ಗುಮಾಸ್ತರೂ ಒಂದೇ ಕೊಂಬೆಗೆ ನೇತಾಡುತ್ತಿರುತ್ತಾರೆ. ಸಸ್ಪೆಕ್ಟ್‌ನ 'ಸ್ಪೆಕ್ಟ್' ಅಂದರೆ ನೋಡು, ಕೆಳಗಣ್ಣಿನಿಂದ ನೋಡುವುದೇ ಅನುಮಾನ. ಇನ್ಸ್‌ಪೆಕ್ಟರ್ ಅಂದರೆ ಒಳಗೆ ಹೊಕ್ಕು ನೋಡುವವರು. ಹಾಗಾಗಿ ಸಸ್ಪೆಕ್ಟೂ ಅವನನ್ನು ಹಿಡಿಯುವ ಸಬ್ ಇನ್ಸ್‌ಪೆಕ್ಟರೂ ಪದದ ಲೆಕ್ಕದಲ್ಲಿ ಸಂಬಂಧಿಕರು.

ಒಂದೇ ದಿನ ಹತ್ತಾರು ಪದಕ್ಕೆ ಕೈ ಹಾಕಬೇಡಿ. ಒಂದು ಪದ ಬಿಡಿಸಿ, ಅದರ ಎರಡನೇ ತುಂಡು ಇನ್ನೆಲ್ಲಿದೆ ಅಂತ ಹುಡುಕಿ: ಪೋರ್ಟ್ ಸಿಕ್ಕಿದರೆ ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್ ತಾವಾಗಿಯೇ ಬರುತ್ತವೆ.

ಎಚ್ಚರ ಇರಬೇಕಾದದ್ದು ಕೆಲವಿದೆ. ಸಟ್ಲ್ ಅಂದರೆ ಸೂಕ್ಷ್ಮ, ಬರೆಯುವಾಗ 'ಬಿ' ಇರುತ್ತದೆ, ಓದುವಾಗ ಇರೋದಿಲ್ಲ. ಸೂಪರ್‌ವೈಸರ್‌ನ 'ಸೂಪರ್' ಅಂದರೆ ಮೇಲೆ, ಪೂರ್ತಿ ಉಲ್ಟಾ. ಸಜೆಸ್ಟ್‌ನ ಮೊದಲ ಮೂರು ಅಕ್ಷರ ಎಸ್, ಯು, ಜಿ, ಅದು ವೇಷ ಹಾಕಿದ ಸಬ್ಬೇ. ಅದೇ ಮೂರು ಅಕ್ಷರದಿಂದ ಶುಗರ್ ಕೂಡ ಶುರುವಾಗುತ್ತದೆ, ಆದರೆ ಅದಕ್ಕೂ ಸಬ್ಬಿಗೂ ಏನೂ ಸಂಬಂಧ ಇಲ್ಲ. ಅದು ಸಂಸ್ಕೃತದ ಶರ್ಕರಾ, ಪರ್ಷಿಯನ್ನರು, ಅರಬ್ಬರ ಬಾಯಲ್ಲಿ ಸುತ್ತಾಡಿ ಇಂಗ್ಲಿಷಿಗೆ ಹೋದದ್ದು. ಮಂಡ್ಯದವರು ಅಲ್ಲಿ ಗೆರೆ ಎಳೆಯೋಕೆ ಹೋಗಬೇಡಿ.