ವಸಂತದಲ್ಲಿ ಲೂಬ್ಲಿನ್: ಪೋಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಪೋಲೆಂಡಿನ ಮೊದಲ ಚಳಿಗಾಲವನ್ನು ಹೇಗೋ ಕಳೆದು ಏಪ್ರಿಲ್ ತಲುಪಿದ ಹೊಸಬರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ‘ಎಲ್ಲಿಗೆ ಹೋಗೋಣ?’ ಕ್ರಾಕುಫ್, ಜಕೊಪಾನೆ, ಗ್ದಾನ್ಸ್ಕ್ ಎಂದು ಹೇಳುವವರು ನಿಮ್ಮ ಕಚೇರಿಯಲ್ಲೇ ಹತ್ತು ಜನ ಸಿಗುತ್ತಾರೆ. ನಾನು ಲೂಬ್ಲಿನ್ ಎನ್ನುತ್ತೇನೆ. ವಾರ್ಸಾದಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ದೇಶದ ಪೂರ್ವ ಭಾಗದ ದೊಡ್ಡ ಊರು ಅದು, ಆದರೂ ಪ್ರವಾಸಿಗರ ನೂಕುನುಗ್ಗಲಿಲ್ಲ. ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದು. ಆದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ, ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ಹವಾಮಾನ. ‘ಕ್ವಿಯೆಚೆನ್ ಪ್ಲೆಚೆನ್’ ಎಂದು ಶುರುವಾಗುವ ಗಾದೆಯೊಂದು ಇಲ್ಲಿನವರ ನಾಲಿಗೆಯ ಮೇಲೇ ಇರುತ್ತದೆ. ಏಪ್ರಿಲ್ ಒಂದಿಷ್ಟು ಚಳಿಗಾಲವನ್ನೂ ಒಂದಿಷ್ಟು ಬೇಸಿಗೆಯನ್ನೂ ಸೇರಿಸಿ ಹೆಣೆಯುತ್ತದೆ ಎಂದು ಅದರ ಅರ್ಥ. ಬಿಸಿಲು ಕಂಡಿತೆಂದು ಸ್ವೆಟರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಹೂವುಗಳನ್ನು ನೋಡಬೇಕೆಂದಿದ್ದರೆ ಮೇ ಮೊದಲ ಹದಿನೈದು ದಿನ ಉತ್ತಮ. ಆಗ ಬೀದಿಬದಿಯ ಚೆಸ್ಟ್‌ನಟ್ ಮರಗಳು ಬಿಳಿ ಗೊಂಚಲು ಬಿಡುತ್ತವೆ. ಶಾಲೆಯ ಕೊನೆಯ ಪರೀಕ್ಷೆಯೂ ಅದೇ ಹೊತ್ತಿಗೆ ಬರುವುದರಿಂದ ಪೋಲಿಷ್ ಮಕ್ಕಳಿಗೆ ಆ ಹೂವು ಕಂಡರೆ ಪರೀಕ್ಷೆಯೇ ನೆನಪಾಗುತ್ತದೆ.

ಊರಿಗೆ ಇಳಿದವರು ನೇರವಾಗಿ ಕೋಟೆಗೆ ಹೋಗಿ. ಹೊರಗಿನಿಂದ ನೋಡಿದರೆ ಬಿಳಿ ಬಣ್ಣದ ದೊಡ್ಡ ಕಟ್ಟಡ, ಅಷ್ಟೇ. 19ನೇ ಶತಮಾನದಲ್ಲಿ ಸೆರೆಮನೆಯಾಗಿ ಕಟ್ಟಿದ್ದು. 1954ರವರೆಗೆ, ಆಳುವವರು ಬದಲಾದರೂ, ಅದು ಸೆರೆಮನೆಯಾಗಿಯೇ ಇತ್ತು. ನೀವು ನೋಡಬೇಕಾದದ್ದು ಅದರ ಒಳಗಿರುವ, ಅದಕ್ಕಿಂತ ಎಷ್ಟೋ ಹಳೆಯದಾದ ಹೋಲಿ ಟ್ರಿನಿಟಿ ಪ್ರಾರ್ಥನಾ ಮಂದಿರ. ನಡುವೆ ಒಂದೇ ಕಂಬ, ಆ ಕಂಬದ ಮೇಲೆ ಇಡೀ ಛಾವಣಿ. ನೆಲದಿಂದ ಮೇಲಿನವರೆಗೆ ಗೋಡೆಯ ಒಂದು ಅಂಗುಲವನ್ನೂ ಬಿಡದಂತೆ ಚಿತ್ರಗಳು. ಕಟ್ಟಡ ಪಶ್ಚಿಮ ಯುರೋಪಿನ ಗಾಥಿಕ್ ಶೈಲಿಯದು, ಚಿತ್ರಗಳು ಪೂರ್ವದ ಬೈಜಾಂಟಿಯನ್ ಪದ್ಧತಿಯವು. ಇವೆರಡು ಒಂದೇ ಸೂರಿನಡಿ ಹೀಗೆ ಸೇರುವುದು ಅಪರೂಪ. ಈ ಚಿತ್ರಗಳನ್ನು ಬರೆಸಿದವನು ದೊರೆ ವ್ವಾದಿಸ್ವಾಫ್ ಯಗಿಯೆವೊ. ಲಿಥುವೇನಿಯಾದವನು, ಪೋಲೆಂಡಿನ ಸಿಂಹಾಸನಕ್ಕಾಗಿ ಕ್ಯಾಥೊಲಿಕ್ ಮತ ಸ್ವೀಕರಿಸಿದವನು, ತಾಯಿಯ ಕಡೆಯಿಂದ ಪೂರ್ವದ ಆರ್ಥೊಡಾಕ್ಸ್ ಸಂಪ್ರದಾಯವನ್ನು ಬಲ್ಲವನು. ಅವನ ಬದುಕೇ ಆ ಗೋಡೆಗಳ ಮೇಲಿದೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಚಿತ್ರಗಳು ಮುಗಿದದ್ದು 1418ರಲ್ಲಿ. ಅದು ತಿಳಿದಿರುವುದು ಅಲ್ಲಿರುವ ಬರಹದಿಂದಲೇ. ಅದರಲ್ಲಿ ಆಂದ್ರೆಯ್ ಎಂಬ ಚಿತ್ರಕಾರನ ಹೆಸರೂ ಇದೆ. ಬೇಲೂರು, ಹಳೇಬೀಡುಗಳಲ್ಲಿ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೆತ್ತಿದ್ದನ್ನು ನೋಡಿ ಬೆಳೆದ ನಮಗೆ ಇದು ಬಹಳ ಹತ್ತಿರದ ಸಂಗತಿ. ಸೆರೆಮನೆಯ ಕಾಲದಲ್ಲಿ ಈ ಚಿತ್ರಗಳ ಮೇಲೆ ಗಾರೆ ಬಳಿದು ಮುಚ್ಚಿಬಿಟ್ಟಿದ್ದರು. 19ನೇ ಶತಮಾನದ ಕೊನೆಯಲ್ಲಿ ಅವು ಮತ್ತೆ ಕಣ್ಣಿಗೆ ಬಿದ್ದವು. ಬಿಡಿಸಿ ಸರಿಪಡಿಸುವ ಕೆಲಸ 1997ರಲ್ಲಿ ಮುಗಿಯಿತು. ಊರಿನಿಂದ ಬಂದಿದ್ದ ನನ್ನ ತಾಯಿ ಒಳಗೆ ಕಾಲಿಟ್ಟವರು ಒಂದು ಮಾತನ್ನೂ ಆಡದೆ ಬಹಳ ಹೊತ್ತು ನಿಂತಿದ್ದರು. ಟಿಕೆಟ್ ಮುಂಚೆಯೇ ನೋಡಿಕೊಳ್ಳಿ. ಸೋಮವಾರ ಇಲ್ಲಿ ಹೆಚ್ಚಿನ ಸಂಗ್ರಹಾಲಯಗಳು ಮುಚ್ಚಿರುತ್ತವೆ.

ಅಲ್ಲಿಂದ ಹಳೆಯ ಪಟ್ಟಣದ ಬೀದಿಗಳಲ್ಲಿ ನಡೆಯಿರಿ. 1569ರಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾ ಒಂದೇ ರಾಜ್ಯವಾದ ಒಪ್ಪಂದ ಈ ಊರಿನಲ್ಲೇ ಆಯಿತು. ಕ್ರಾಕುಫ್ ದ್ವಾರ, ತ್ರಿನಿತಾರ್ ಗೋಪುರ ಎಲ್ಲವೂ ಹತ್ತು ನಿಮಿಷದ ನಡಿಗೆಯೊಳಗಿವೆ. ಗೋಪುರ ಹತ್ತಲು ಆಗುವವರು ಹತ್ತಿ. ಪಕ್ಕದ ಪ್ರಧಾನ ಚರ್ಚಿನಲ್ಲಿ ಒಂದು ಕೋಣೆಯಿದೆ. ಒಂದು ಮೂಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರಿನ ಮೂಲೆಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಗೋಳಗುಮ್ಮಟದಲ್ಲಿ ಕೂಗಿ ಬಂದ ಮಕ್ಕಳಿದ್ದರೆ ಅವರನ್ನು ತಪ್ಪದೆ ಕರೆದುಕೊಂಡು ಹೋಗಿ.

ಇನ್ನು ನಾನು ಈ ಊರಿಗೆ ಕಳುಹಿಸುವ ಮುಖ್ಯ ಕಾರಣಕ್ಕೆ ಬರುತ್ತೇನೆ. ಹಳೆಯ ಪಟ್ಟಣದಿಂದ ಕೋಟೆಗೆ ಹೋಗುವ ದಾರಿಯಲ್ಲಿ ಗ್ರೊತ್ಸ್ಕಾ ದ್ವಾರವಿದೆ. ಕ್ರೈಸ್ತರ ಪಟ್ಟಣಕ್ಕೂ ಯಹೂದಿಗಳ ಪಟ್ಟಣಕ್ಕೂ ನಡುವಿನ ಬಾಗಿಲು ಅದು. ದಾಟಿದರೆ ಎದುರಿಗೆ ಹುಲ್ಲು, ಬಯಲು, ಎರಡನೇ ಮಹಾಯುದ್ಧದ ನಂತರ ಕಟ್ಟಿದ ಮನೆಗಳ ಸಾಲು. ಹೊಸಬರು ಅಲ್ಲಿ ಕೋಟೆಯ ಚಿತ್ರ ತೆಗೆದು ಮುಂದೆ ಹೋಗುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಆ ಬಯಲು ಬಯಲಾಗಿರಲಿಲ್ಲ. ಯುದ್ಧಕ್ಕೆ ಮೊದಲು ಈ ಊರಿನ ಮೂವರಲ್ಲಿ ಒಬ್ಬರು ಯಹೂದಿಗಳು. ಆ ಜಾಗದಲ್ಲಿ ಅವರ ಬೀದಿಗಳು, ಅಂಗಡಿಗಳು, ಪ್ರಾರ್ಥನಾ ಮಂದಿರಗಳು ಇದ್ದವು. 1942ರ ಮಾರ್ಚ್ ತಿಂಗಳಲ್ಲಿ, ಅಂದರೆ ವಸಂತದ ಹೊಸ್ತಿಲಲ್ಲಿ, ಜರ್ಮನ್ನರು ಅವರನ್ನು ರೈಲಿಗೆ ತುಂಬಿ ಬೆಲ್ಜೆತ್ಸ್‌ನ ಮರಣಶಿಬಿರಕ್ಕೆ ಸಾಗಿಸತೊಡಗಿದರು. ಆಮೇಲೆ ಮನೆಗಳನ್ನೂ ಕೆಡವಿದರು.

ದ್ವಾರದ ಮೇಲಿನ ಕಟ್ಟಡದಲ್ಲಿ ಈಗ ಆ ನೆನಪನ್ನು ಕಾಯುವ ಸಂಸ್ಥೆಯಿದೆ. ಒಳಗೆ ಕಡತಗಳ ಸಾಲು. 43 ಸಾವಿರ ಯಹೂದಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಕಡತ. ಕೆಲವು ತುಂಬಿವೆ, ಎಷ್ಟೋ ಕಡತಗಳಲ್ಲಿ ಏನೂ ಇಲ್ಲ. ಹೆನಿಯೊ ಜಿತೊಮಿರ್ಸ್ಕಿ ಎಂಬ, 1933ರಲ್ಲಿ ಹುಟ್ಟಿದ ಹುಡುಗನ ಕಥೆಯನ್ನು ಅಲ್ಲಿ ಕೇಳಿ ತಿಳಿದುಕೊಳ್ಳಿ. ಪ್ರತಿ ವರ್ಷ ಏಪ್ರಿಲ್ 19ರಂದು ಊರಿನ ಶಾಲೆಯ ಮಕ್ಕಳು ಅವನು ಒಮ್ಮೆ ಇದ್ದ ಕೊವಾಲ್ಸ್ಕಾ ಬೀದಿಯ 11ನೇ ಮನೆಯ ವಿಳಾಸಕ್ಕೆ ಕಾಗದ ಬರೆಯುತ್ತಾರೆ. ‘ವಿಳಾಸದಾರರು ಯಾರೆಂದು ತಿಳಿದಿಲ್ಲ’ ಎಂದು ಕಾಗದಗಳು ಮರಳುತ್ತವೆ. ಹತ್ತಿರದ ಪೊದ್ವಾಲೆ ರಸ್ತೆಯಲ್ಲಿ ಯಹೂದಿ ಪಟ್ಟಣದ ಕಾಲದ ಒಂದು ಬೀದಿದೀಪ ಉಳಿದಿದೆ. ಅದನ್ನು ಹಗಲಿನಲ್ಲೂ ಆರಿಸುವುದಿಲ್ಲ.

ಊರಂಚಿನಲ್ಲಿ ಜರ್ಮನ್ನರು ನಡೆಸಿದ ಮೈದಾನೆಕ್ ಸೆರೆಶಿಬಿರಕ್ಕೆ ಹೋಗುವುದಾದರೆ ಬೇರೆ ದಿನವನ್ನು ಇಟ್ಟುಕೊಳ್ಳಿ. ಅದಕ್ಕೇ ಒಂದು ರಾತ್ರಿ ಉಳಿಯಿರಿ ಎಂದದ್ದು. ಆ ಹೆಸರಿನಲ್ಲಿರುವುದು ನಮ್ಮ ‘ಮೈದಾನ’ವೇ. ಪರ್ಷಿಯನ್ನಿನ ಅದೇ ಪದ ಒಂದು ದಿಕ್ಕಿನಲ್ಲಿ ಇಲ್ಲಿಗೆ, ಇನ್ನೊಂದು ದಿಕ್ಕಿನಲ್ಲಿ ಕನ್ನಡಕ್ಕೆ ಬಂತು. ಅಲ್ಲಿ ಸುಮಾರು 78 ಸಾವಿರ ಜನ ಸತ್ತರು. ಮರದ ಕೊಟ್ಟಿಗೆಗಳು ಹಾಗೆಯೇ ನಿಂತಿವೆ, ಬೂದಿಯ ರಾಶಿಯ ಮೇಲೆ ಗುಮ್ಮಟವಿದೆ. ಪ್ರವೇಶ ಉಚಿತ. ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಬಂದ ಮೇಲೆ ಸ್ವವಿನೆಕ್ ಕಡೆಯ ಸಸ್ಯೋದ್ಯಾನದಲ್ಲಿ ಸುಮ್ಮನೆ ಕೂರಿ. ಮಕ್ಕಳಿರುವವರಿಗೆ ಅಲ್ಲೇ ಹತ್ತಿರ ಹಳ್ಳಿಮನೆಗಳ ಬಯಲು ಸಂಗ್ರಹಾಲಯವೂ ಇದೆ. ಹುಲ್ಲು ಹೊದಿಸಿದ ಮನೆ, ಗಾಳಿಗಿರಣಿ ಎಲ್ಲ ನೋಡಬಹುದು.

ಊಟದ ವಿಷಯ ಸಸ್ಯಾಹಾರಿಗಳು ಗಮನವಿಟ್ಟು ಓದಿ. ಈ ಊರಿನ ತಿನಿಸು ‘ತ್ಸೆಬುಲಾಶ್’. ಚಪ್ಪಟೆ ರೊಟ್ಟಿಯ ಮೇಲೆ ಈರುಳ್ಳಿ ಮತ್ತು ಗಸಗಸೆ ಹರಡಿ ಸುಟ್ಟದ್ದು. ಇದು ಯಹೂದಿಗಳ ಬೇಕರಿಗಳಿಂದ ಬಂದದ್ದು. ‘ಗಸಗಸೆಗೆ ಪಾಯಸವಷ್ಟೇ ಅಂದುಕೊಂಡಿದ್ದೆ’ ಎಂದು ನನ್ನ ತಾಯಿ ಎರಡು ತಿಂದರು. ಆಲೂಗಡ್ಡೆ, ಪನೀರಿನಂಥ ಗಿಣ್ಣು ತುಂಬಿದ ‘ಪಿಯೆರೊಗಿ’ ಸಸ್ಯಾಹಾರವೇ. ಆದರೆ ಮೇಲೆ ಹುರಿದ ಹಂದಿಕೊಬ್ಬಿನ ಚೂರು ಉದುರಿಸಿ ಕೊಡುವ ವಾಡಿಕೆ ಇದೆ. ‘ಬೆಸ್ ಸ್ಕ್ವಾರ್ಕುಫ್’ ಎಂದರೆ ‘ಆ ಚೂರು ಬೇಡ’. ಮಾಂಸ ಬೇಡ ಎಂದರೆ ಮೀನು ತಂದಿಡುವವರೂ ಇದ್ದಾರೆ, ಮೀನೂ ಬೇಡವೆಂದು ಹೇಳಿ. ಅಂಗಡಿಯೊಳಗೆ ಹೋದೊಡನೆ ‘ಜೆನ್ ದೊಬ್ರಿ’, ಅಂದರೆ ನಮಸ್ಕಾರ, ಎನ್ನಿ. ಹಿರಿಯರಲ್ಲಿ ಗಂಡಸರನ್ನು ‘ಪಾನ್’, ಹೆಂಗಸರನ್ನು ‘ಪಾನಿ’ ಎಂದು ಕರೆಯುವುದು ನಮ್ಮ ಬಹುವಚನದಷ್ಟೇ ಅಗತ್ಯ.

ದಿನ ಗೊತ್ತುಮಾಡುವಾಗ ಪಂಚಾಂಗ ನೋಡಿಕೊಳ್ಳಿ. ಹೆಚ್ಚಿನ ಭಾನುವಾರಗಳಲ್ಲಿ ಅಂಗಡಿಗಳು ಕಾನೂನಿನಂತೆ ಮುಚ್ಚಿರುತ್ತವೆ. ಮೇ 1 ಮತ್ತು 3 ರಜೆ, ರೈಲುಗಳು ತುಂಬಿರುತ್ತವೆ. ಈಸ್ಟರಿನ ಶನಿವಾರ ಹೋದರೆ ಮೊಟ್ಟೆ, ಬ್ರೆಡ್, ಉಪ್ಪು ಇಟ್ಟ ಬುಟ್ಟಿಗಳನ್ನು ಮಂತ್ರಿಸಿಕೊಳ್ಳಲು ಮನೆಮಂದಿಯೆಲ್ಲ ಚರ್ಚಿಗೆ ಬರುವುದನ್ನು ಕಾಣಬಹುದು. ದೂರದಲ್ಲಿ ನಿಂತು ನೋಡಿದರೆ ಯಾರೂ ಬೇಸರಪಡುವುದಿಲ್ಲ. ಮರುದಿನದ ಭಾನುವಾರ, ಸೋಮವಾರ ಬಹುತೇಕ ಎಲ್ಲವೂ ಬಂದ್, ಊಟವನ್ನು ಮೊದಲೇ ಕಟ್ಟಿಕೊಳ್ಳಿ. ಆ ಸೋಮವಾರ ಬೆಳಿಗ್ಗೆ ಮಕ್ಕಳು ದಾರಿಹೋಕರ ಮೇಲೆ ನೀರೆರಚುತ್ತಾರೆ. ನಮ್ಮ ಓಕುಳಿಯಂತೆಯೇ, ಬಣ್ಣವೊಂದಿಲ್ಲ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೊರಡಿ.