ನಮ್ಮ ಶ್ರಾವಣ, ಅವರ ಏಳನೆಯ ತಿಂಗಳು: ಸಿಂಗಾಪುರದಲ್ಲಿ ಬಾಡಿಗೆ ಮನೆ ಹಿಡಿಯುವ ಮುನ್ನ

ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗನೊಬ್ಬ ಕಳೆದ ವಾರ ಊಟಕ್ಕೆ ಬಂದಿದ್ದ. "ಆಷಾಢ ಮುಗಿಯುವುದನ್ನೇ ಕಾಯುತ್ತಿದ್ದೇನೆ ಸರ್. ಆಗಸ್ಟ್ 14, ಶ್ರಾವಣದ ಮೊದಲ ಶುಕ್ರವಾರ. ಹೊಸ ಮನೆಯಲ್ಲಿ ಹಾಲು ಉಕ್ಕಿಸುತ್ತೇವೆ" ಎಂದ. ಮನೆ ಯಾರದು ಎಂದು ಕೇಳಿದೆ. ಎಪ್ಪತ್ತೈದು ದಾಟಿದ ಚೀನೀ ಅಜ್ಜಿಯದು ಎಂದ. ನನ್ನ ಕೈಯ ತುತ್ತು ತಟ್ಟೆಗೇ ಮರಳಿತು. 2024ರಲ್ಲಿ ನಾನು ಬಿದ್ದ ಹಳ್ಳದ ಅಂಚಿನಲ್ಲೇ ಅವನು ನಿಂತಿದ್ದ.

ರೈಲಿನ ಕಾರ್ಡು, ಬ್ಯಾಂಕ್ ಖಾತೆ, ಲಿಟ್ಲ್ ಇಂಡಿಯಾದಲ್ಲಿ ಕೊತ್ತಂಬರಿ ಸೊಪ್ಪು ಎಲ್ಲಿ ಅಗ್ಗ ಎಂಬುದನ್ನೆಲ್ಲ ಯಾರಾದರೂ ಹೇಳಿಯೇ ಹೇಳುತ್ತಾರೆ. ಚೀನೀ ಪಂಚಾಂಗದ ಏಳನೆಯ ತಿಂಗಳಲ್ಲಿ ಹಿರಿಯರು ಮನೆ ಹೊಕ್ಕಿಸುವುದಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಚೀನೀ ಪಂಚಾಂಗವೂ ನಮ್ಮದರಂತೆ ಚಾಂದ್ರಮಾನದ್ದೇ. ಅಮಾವಾಸ್ಯೆಯ ಸುತ್ತ ತಿಂಗಳು ಬದಲಾಗುತ್ತದೆ, ಅಧಿಕಮಾಸವೂ ಉಂಟು. ಅವರ ಏಳನೆಯ ತಿಂಗಳು ಹಸಿದ ಪ್ರೇತಗಳ ತಿಂಗಳು. ಪರಲೋಕದ ಬಾಗಿಲು ತೆರೆದು, ಸತ್ತವರು ಹಸಿದು ತಿರುಗಾಡುತ್ತಾರೆಂಬ ನಂಬಿಕೆ. ಅವರಿಗಾಗಿ ಕಾಗದದ ನೋಟು, ಕಾಗದದ ಅಂಗಿ, ಈಗೀಗ ಕಾಗದದ ಮೊಬೈಲ್ ಕೂಡ ಸುಡುತ್ತಾರೆ. ಬಯಲಲ್ಲಿ ಡೇರೆ ಹಾಕಿ ಗೆತಾಯ್ ಎಂಬ ಹಾಡು ಕುಣಿತ ನಡೆಸುತ್ತಾರೆ. ಅಲ್ಲಿ ಮುಂದಿನ ಸಾಲಿನ ಕುರ್ಚಿಗಳು ಖಾಲಿ ಇವೆಯೆಂದು ಹೋಗಿ ಕೂರಬೇಡಿ, ಅವು ಕಣ್ಣಿಗೆ ಕಾಣದ ಅತಿಥಿಗಳಿಗೆ ಮೀಸಲು. ನಮ್ಮ ಪಿತೃಪಕ್ಷಕ್ಕೆ ಜಾತ್ರೆಯ ಗದ್ದಲ ಸೇರಿಸಿದರೆ ಇದೇ. ಈ ತಿಂಗಳಲ್ಲಿ ಮದುವೆಯಿಲ್ಲ, ಮನೆ ಬದಲಾಯಿಸುವುದಿಲ್ಲ, ಹೊಸ ವ್ಯವಹಾರ ಆರಂಭಿಸುವುದಿಲ್ಲ. ಕಿರಿಯರು ನಕ್ಕು ಸುಮ್ಮನಾಗುತ್ತಾರೆ, ಹಿರಿಯರು ನಗುವುದಿಲ್ಲ. ಮನೆ ಹಿರಿಯರ ಹೆಸರಿನಲ್ಲಿರುತ್ತದೆ.

ಇನ್ನು ನನ್ನ ಕಥೆ. ಹಳೆಯ ಮನೆಯ ಕರಾರು ಜುಲೈ 31ಕ್ಕೆ ಮುಗಿಯುತ್ತಿತ್ತು. ತೋವಾ ಪಾಯೋ ಬಡಾವಣೆಯಲ್ಲಿ ಒಳ್ಳೆಯ ಮನೆ ಸಿಕ್ಕಿತು. ಒಡತಿ ಒಬ್ಬ ಆಂಟಿ (ಇಲ್ಲಿ ಅಜ್ಜಿಯರೂ ಆಂಟಿಯರೇ). ಅವರು ಆಗಸ್ಟ್ 1ಕ್ಕೇ ಕೀಲಿ ಕೊಡಲು ಸಿದ್ಧರಿದ್ದರು. ಹಾಸನದಿಂದ ಅಮ್ಮ, "ಆಷಾಢದಲ್ಲಿ ಮನೆ ಹೊಕ್ಕರೆ ನಾನು ಅಲ್ಲಿಗೆ ಕಾಲಿಡುವುದಿಲ್ಲ" ಎಂದರು. ಆಗಸ್ಟ್ 9 ಶುಕ್ರವಾರ, ನಾಗರ ಪಂಚಮಿ, ಜೊತೆಗೆ ಇಲ್ಲಿನ ರಾಷ್ಟ್ರೀಯ ದಿನದ ರಜೆ. ಇದಕ್ಕಿಂತ ಒಳ್ಳೆಯ ದಿನ ಬೇಕೇ? ನಾನೇ ಕೈಮುಗಿದು ದಿನ ಮುಂದೂಡಿಸಿದೆ. ಏಜೆಂಟ್ ಇಪ್ಪತ್ತೈದರ ಹುಡುಗ, ಆಂಟಿಯನ್ನು ಕೇಳದೆಯೇ ಆಗಲಿ ಎಂದ.

ಆ ವರ್ಷ ಅವರ ಏಳನೆಯ ತಿಂಗಳು ಆರಂಭವಾದದ್ದು ಆಗಸ್ಟ್ 4ಕ್ಕೆ, ನಮ್ಮ ಭೀಮನ ಅಮಾವಾಸ್ಯೆಯ ದಿನ. ಅಮ್ಮನ ನಿಷೇಧ ಮುಗಿಯುವಲ್ಲೇ ಆಂಟಿಯ ನಿಷೇಧ ಶುರು, ನಡುವೆ ಒಂದು ದಿನದ ಸಂದೂ ಇಲ್ಲ! ಆಗಸ್ಟ್ 7ರಂದು ಆಂಟಿಯ ಫೋನ್ ಬಂತು: "ಈ ತಿಂಗಳು ಬೇಡ. ಸೆಪ್ಟೆಂಬರ್ 4ಕ್ಕೆ ಬನ್ನಿ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

ಅಷ್ಟರಲ್ಲಿ ನಾವು ಗೆಳೆಯನ ಮನೆಯ ನಡುಕೋಣೆಯಲ್ಲಿ ಒಂದು ವಾರ ಮಲಗಿ ಅವನ ಹೆಂಡತಿಯ ಸಹನೆ ತೀರಿಸಿದ್ದೆವು. ಮುಂದಿನ 26 ರಾತ್ರಿ ಹೋಟೆಲ್ ಕೋಣೆ, ರಾತ್ರಿಗೆ 180 ಡಾಲರ್. ಸಾಮಾನಿಗೆ ಗೋದಾಮಿನ ಬಾಡಿಗೆ ಬೇರೆ. ಒಟ್ಟು 5,000 ಡಾಲರ್ ದಾಟಿತು. ಲೆಟರ್ ಆಫ್ ಇಂಟೆಂಟ್ ಎಂಬ ಪೂರ್ವಪತ್ರದಲ್ಲಿ "ಆಗಸ್ಟ್ ತಿಂಗಳಲ್ಲಿ" ಎಂದಷ್ಟೇ ಇತ್ತು. ಬಾಡಿಗೆ ಕರಾರಿಗೆ ಸಹಿ ಬಿದ್ದಿರಲಿಲ್ಲ. ಎರಡು ವರ್ಷ ಮೀರದ ಬಾಡಿಗೆ ಕರಾರಿನ ಜಗಳಗಳಿಗೆ, 20,000 ಡಾಲರ್‌ವರೆಗೆ, ಇಲ್ಲಿ ಸಣ್ಣ ವ್ಯಾಜ್ಯಗಳ ನ್ಯಾಯಮಂಡಳಿ ಇದೆ. ಆದರೆ ಕರಾರೇ ಇಲ್ಲದವನು ಅಲ್ಲಿ ಏನನ್ನು ತೋರಿಸಬೇಕು?

ಆದ್ದರಿಂದ ಮುಂಗಡ ಕೊಡುವ ಮೊದಲು ಕೀಲಿ ಕೈಗೆ ಬರುವ ದಿನಾಂಕವನ್ನು ಪೂರ್ವಪತ್ರದಲ್ಲೇ ಬರೆಯಿಸಿ. ಏಜೆಂಟ್‌ನ ಮಾತಿಗೆ ತಲೆಯಾಡಿಸಬೇಡಿ, ಒಡತಿಯನ್ನೇ ಕೇಳಿ. ಏಳನೆಯ ತಿಂಗಳೆಂದರೆ ನಮ್ಮ ಶ್ರಾವಣವೇ ಎಂದು ಪ್ರತಿ ವರ್ಷ ನಂಬಿ ಕೂರುವಂತೆಯೂ ಇಲ್ಲ. 2025ರಲ್ಲಿ ಅವರಿಗೆ ಆರನೆಯ ತಿಂಗಳು ಎರಡು ಬಾರಿ ಬಂದು, ಪ್ರೇತಗಳ ತಿಂಗಳು ಭಾದ್ರಪದಕ್ಕೆ ಜಾರಿತು, ಗಣೇಶನ ಹಬ್ಬ ಅದರೊಳಗೇ ಬಿತ್ತು. ಈ ವರ್ಷ, 2026ರಲ್ಲಿ, ಆಗಸ್ಟ್ 13ರಿಂದ ಸೆಪ್ಟೆಂಬರ್ 10. ಒಂದು ಉಪಾಯವನ್ನು ಆಂಟಿಯೇ ಆಮೇಲೆ ಹೇಳಿಕೊಟ್ಟರು: ತಿಂಗಳು ಹುಟ್ಟುವ ಮೊದಲೇ ಕೀಲಿ ಪಡೆದು, ಅಕ್ಕಿ, ಉಪ್ಪು, ಒಂದು ಕೆಟಲ್ ಇಟ್ಟು ದೀಪ ಹಚ್ಚಿಬಂದರೆ ಮನೆ ಹೊಕ್ಕ ಹಾಗೆಯೇ ಲೆಕ್ಕ, ಮಂಚ ಬೀರು ಯಾವಾಗ ಬಂದರೂ ನಡೆಯುತ್ತದೆ. "ಮೊದಲೇ ಹೇಳಬಾರದಿತ್ತೇ ಆಂಟಿ?" ಎಂದೆ. "ನೀವು ಕೇಳಲಿಲ್ಲವಲ್ಲ" ಎಂದರು.

ಇನ್ನು ಚೀನೀಯರ ಸಾವಿನ ಮನೆಗೆ ಹೋಗುವ ವಿಷಯ ಚಿಕ್ಕದು, ಮುಜುಗರ ಮಾತ್ರ ದೊಡ್ಡದು. ಸರ್ಕಾರಿ ವಸತಿ ಕಟ್ಟಡಗಳ ನೆಲಮಹಡಿಯ ತೆರೆದ ಜಾಗದಲ್ಲೇ ಶವವನ್ನು ಮೂರು, ಐದು ಅಥವಾ ಏಳು ದಿನ ಇಟ್ಟು ಜಾಗರಣೆ ಮಾಡುತ್ತಾರೆ. ಹೋದಾಗ ಬಿಳಿ ಲಕೋಟೆಯಲ್ಲಿ ಬೆಸ ಸಂಖ್ಯೆಯ ಹಣ ಕೊಡಬೇಕು. ಮದುವೆಗಾದರೆ ಕೆಂಪು ಲಕೋಟೆ, ಸಮ ಸಂಖ್ಯೆ, ನಾಲ್ಕು ಮಾತ್ರ ಬೇಡ. ನಾವೋ ನೂರೊಂದು, ಐನೂರೊಂದು ಮುಯ್ಯಿ ಓದಿಸಿ ಬೆಳೆದವರು. ಸಹೋದ್ಯೋಗಿಯ ಮದುವೆಗೆ ಕಚೇರಿಯ ಬಿಳಿ ಲಕೋಟೆಯಲ್ಲಿ 101 ಡಾಲರ್ ಇಟ್ಟುಕೊಟ್ಟ ಮಹಾನುಭಾವ ನಾನೇ. ಜಾಗರಣೆಯಲ್ಲಿ ಕೆಂಪು ದಾರ ಕೊಟ್ಟರೆ ತೆಗೆದುಕೊಳ್ಳಿ, ಮನೆ ತಲಪುವ ಮೊದಲು ಎಸೆದುಬಿಡಿ.

ಹಿರಿಯರನ್ನೂ ಸತ್ತವರನ್ನೂ ನೋಡಿಕೊಳ್ಳುವುದರಲ್ಲಿ ಇಲ್ಲಿನ ವ್ಯವಸ್ಥೆ ನಮ್ಮದಕ್ಕಿಂತ ಮೇಲೋ ಎಂದು ಕೇಳುವವರಿದ್ದಾರೆ. ಹೆತ್ತವರ ಪೋಷಣೆಗೆ ಸಿಂಗಾಪುರ 1995ರಲ್ಲೇ ಕಾನೂನು ಮಾಡಿತು, ನಾವು 2007ರಲ್ಲಿ. ಮಕ್ಕಳನ್ನು ಹಿಂಸಿಸಿದ ಅಥವಾ ಕೈಬಿಟ್ಟ ಹೆತ್ತವರು ನೇರವಾಗಿ ದಾವೆ ಹೂಡದಂತೆ 2023ರಲ್ಲಿ ತಿದ್ದಿದರು, ಅದು ನನಗೆ ಮೆಚ್ಚುಗೆ. ಆದರೆ ಸತ್ತವರಿಗೆ ಇಲ್ಲಿ ಜಾಗವಿಲ್ಲ. 1998ರಿಂದ ಹೂಳಿದವರಿಗೆ ಹದಿನೈದೇ ವರ್ಷ, ಆಮೇಲೆ ಅಗೆದು ತೆಗೆಯುತ್ತಾರೆ. 1922ರಲ್ಲಿ ತೆರೆದ ಬುಕಿತ್ ಬ್ರೌನ್ ಸ್ಮಶಾನದ ಸಾವಿರಾರು ಸಮಾಧಿಗಳು ಹೆದ್ದಾರಿಗಾಗಿ ಎದ್ದವು. ನಮ್ಮ ಊರಿನ ತೋಟದ ಮೂಲೆಯಲ್ಲಿ ಅಜ್ಜನ ಕಲ್ಲು ಇನ್ನೂ ಇದೆ, ಈ ಒಂದು ವಿಷಯದಲ್ಲಿ ನಮ್ಮದೇ ವಾಸಿ.

ಆಂಟಿಯ ಇಬ್ಬರು ಮಕ್ಕಳೂ ಚರ್ಚಿಗೆ ಹೋಗುವವರು, ಕಾಗದ ಸುಡುವುದಿಲ್ಲ. ಹಾಗಾಗಿ ಕಳೆದ ವರ್ಷದ ಏಳನೆಯ ತಿಂಗಳ ಹುಣ್ಣಿಮೆಗೆ ಅವರ ಚೀಲ ಹೊತ್ತು ಕಟ್ಟಡದ ಕೆಳಗಿನ ಸುಡುವ ಡ್ರಮ್ಮಿನವರೆಗೆ ಹೋದವನು ನಾನು. ಹೊಗೆಯಲ್ಲಿ ಕಣ್ಣೊರೆಸುತ್ತ, "ನಿಮ್ಮಲ್ಲಿ ಇದನ್ನು ಯಾವಾಗ ಮಾಡುತ್ತೀರಿ?" ಎಂದು ಕೇಳಿದರು. ಇನ್ನು ಹದಿನೈದು ದಿನಕ್ಕೆ, ಮಹಾಲಯ ಅಮಾವಾಸ್ಯೆಗೆ ಎಂದೆ. ಆ ದಿನ ನಾನು ಮರೆಯದೆ ಮಾಡುತ್ತಿದ್ದೇನೆಯೇ ಎಂದು ನೋಡಲು ಬೆಳಿಗ್ಗೆಯೇ ಬಾಗಿಲು ತಟ್ಟಿದ್ದರು.

ಅಂದಹಾಗೆ, ಆ ಹುಡುಗ ತನ್ನ ಮನೆಯೊಡತಿಗೆ ಫೋನ್ ಮಾಡಿದ. ಆಗಸ್ಟ್ 8ಕ್ಕೆ ಕೀಲಿ ಕೊಡುತ್ತಾರಂತೆ, ಇಂಗ್ಲಿಷ್ ಲೆಕ್ಕದಲ್ಲಿ ಎಂಟನೆಯ ತಿಂಗಳ ಎಂಟನೆಯ ದಿನ, ಬಹಳ ಶುಭವಂತೆ. ಆಷಾಢ ಮುಗಿಯಲು ಇನ್ನೂ ನಾಲ್ಕು ದಿನ ಉಳಿದಿರುತ್ತದೆ. ಅವನೀಗ ಊರಿಗೆ ಫೋನ್ ಹಚ್ಚಿ ತಾಯಿಯನ್ನು ಒಪ್ಪಿಸುತ್ತಿದ್ದಾನೆ.