ಕೆಂಪು ದೀಪ ಹತ್ತಲೇ ಇಲ್ಲ

ಇಂಜಿನ್ ಬಿಚ್ಚಿದ ಮೆಕಾನಿಕ್ ಬೇರಿಂಗ್ ಶೆಲ್ ಒಂದನ್ನು ನನ್ನ ಅಂಗೈಗಿಟ್ಟ. ಇಂಜಿನ್ನಿನ ತಿರುಗುವ ದಂಡಕ್ಕೆ, ಅಂದರೆ ಕ್ರ್ಯಾಂಕಿಗೆ, ಆಸರೆಯಾಗುವ ಲೋಹದ ಪಟ್ಟಿ ಅದು. ಬೂದು ಬಣ್ಣ ಇರಬೇಕಾದ ಕಡೆ ಮೇಲ್ಪದರ ಸವೆದು ತಾಮ್ರ ಹೊಳೆಯುತ್ತಿತ್ತು. "ಆಯಿಲ್ ಇಲ್ದೆ ಓಡಿಸಿದ್ರಾ ಸಾರ್?" ಅಂದ. ಆಯಿಲ್ ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೇ ಇತ್ತು. ಡ್ಯಾಶ್‌ಬೋರ್ಡಿನ ಆಯಿಲ್ ಒತ್ತಡದ ಕೆಂಪು ದೀಪ ಒಂದು ಸಲವೂ ಹತ್ತಿರಲಿಲ್ಲ.

ನನ್ನದು 1.6 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ವರ್ಷಕ್ಕೆ ಮೂರ್ನಾಲ್ಕು ಸಲ ಬೆಂಗಳೂರಿನಿಂದ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗುತ್ತೇನೆ. ಎರಡು ವರ್ಷ ಏನೂ ಆಗಿರಲಿಲ್ಲ. ಸೆಮಿ ಸ್ಲಿಕ್ ಟೈರ್ ಹಾಕಿಸಿದ ಮೇಲೆ ಶುರುವಾಯಿತು. ಹಿಡಿತ ಜಾಸ್ತಿ ಆಯಿತು, ತಿರುವಿನಲ್ಲಿ ವೇಗವೂ ಜಾಸ್ತಿ ಆಯಿತು. ಇಂಜಿನ್ ತಳದ ಚೇಂಬರ್‌ನಲ್ಲಿರುವ ಆಯಿಲ್ ಹೊರಬದಿಗೆ ಸರಿಯುವುದೂ ಅಷ್ಟೇ ಜೋರು. ತಿರುವಿನಲ್ಲಿ 1 ಜಿ, ಅಂದರೆ ಭೂಮಿಯ ಸೆಳೆತದಷ್ಟೇ ಬಲ, ಬಿದ್ದರೆ ಆಯಿಲ್ 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ತಟ್ಟೆ ವಾಲಿದರೆ ತಿಳಿಸಾರು ಒಂದೇ ಕಡೆ ಓಡುತ್ತಲ್ವಾ, ಹಾಗೆ. ಆಗ ಪಂಪಿಗಾಗಿ ಆಯಿಲ್ ಹೀರುವ ಸ್ಟ್ರೈನರ್ ಬಾಯಿಗೆ ಸಿಗುವುದು ಗಾಳಿ.

ದೀಪ ಯಾಕೆ ಸುಮ್ನಿತ್ತು? ಬಹಳಷ್ಟು ಕಾರುಗಳಲ್ಲಿ ಅದು ಹತ್ತುವುದು ಒತ್ತಡ 5 ಪಿಎಸ್‌ಐ ಆಸುಪಾಸಿಗೆ ಇಳಿದಾಗ. ಐಡಲ್‌ನಲ್ಲಿ ಅದು ಸರಿ. ಟ್ರ್ಯಾಕಿನಲ್ಲಿ ಓಡಿಸುವವರ ಹಳೇ ಲೆಕ್ಕ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ 6000ಕ್ಕೆ 60. 5ಕ್ಕೆ ಹತ್ತುವ ದೀಪದಿಂದ ಅಲ್ಲಿ ಉಪಯೋಗವಿಲ್ಲ.

ಇಂಜಿನ್ ಕೆಲಸ ಮುಗಿಸಿ ಮೊದಲು ಮುಳ್ಳಿನ ಮೀಟರ್ ಹಾಕಿದೆ. ದುಡ್ಡು ದಂಡ. ತಿರುವಿನ ಮಧ್ಯೆ ಮೀಟರ್ ನೋಡುವಷ್ಟು ಪುರುಸೊತ್ತು ಯಾರಿಗಿರುತ್ತೆ? ಆಮೇಲೆ ಪ್ರೆಶರ್ ಸೆನ್ಸರ್ ಕೂರಿಸಿ, ಸೆಕೆಂಡಿಗೆ 10 ಸಲ ಬರೆದಿಡುವ ಲಾಗರ್‌ಗೆ ಜೋಡಿಸಿದೆ. ಆ ರಾತ್ರಿ ಲಾಡ್ಜಿನಲ್ಲಿ ಲ್ಯಾಪ್‌ಟಾಪ್ ತೆರೆದರೆ ಎಲ್ಲ ಕಾಣಿಸಿತು. ಉದ್ದದ ಬಲ ತಿರುವಿನಲ್ಲಿ ಒತ್ತಡ 62ರಿಂದ 18 ಪಿಎಸ್‌ಐಗೆ ಬಿದ್ದಿದೆ, ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು. ಅದೂ ಆಯಿಲ್ ಕಾದ ಮೇಲೆ, ನಾಲ್ಕನೇ ಸುತ್ತಿನಿಂದ. ಎಡ ತಿರುವುಗಳಲ್ಲಿ ಗೆರೆ ಅಲುಗಿಯೇ ಇಲ್ಲ.

ಮರುದಿನ ಅರ್ಧ ಲೀಟರ್ ಜಾಸ್ತಿ ಸುರಿದೆ. 18 ಇದ್ದದ್ದು 27 ಆಯಿತು. ಇನ್ನೂ ಸುರಿದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ. ಪಂಪಿಗೆ ನೊರೆಯೂ ಗಾಳಿಯೂ ಒಂದೇ.

ಕೊನೆಗೆ ಚೇಂಬರ್ ಇಳಿಸಿ ಸ್ಟ್ರೈನರ್ ಸುತ್ತ ತಗಡಿನ ಗೋಡೆ ವೆಲ್ಡ್ ಮಾಡಿಸಿದೆ. ಒಳಮುಖವಾಗಿ ಮಾತ್ರ ತೆರೆಯುವ ನಾಲ್ಕು ಪುಟ್ಟ ಬಾಗಿಲು. ಆಯಿಲ್ ಒಳಗೆ ಬರಬಹುದು, ಹೊರಗೆ ಹೋಗುವ ಹಾಗಿಲ್ಲ. ಜೋಡಿಸುವ ಮುಂಚೆ ನೀರು ತುಂಬಿ ಬೆಂಚಿನ ಮೇಲೆ ವಾಲಿಸಿ ನೋಡಿದೆವು. ಒಂದು ಬಾಗಿಲು ಅರ್ಧಕ್ಕೇ ನಿಂತಿತು, ಅದು ತಿರುಗುವ ಕೀಲಿಗೆ ವೆಲ್ಡಿಂಗ್ ಹನಿ ಅಂಟಿತ್ತು. ನೋಡದೆ ಜೋಡಿಸಿದ್ದರೆ ಕಥೆ ಮುಗಿದಿತ್ತು. ಸ್ಟ್ರೈನರ್ ತುದಿಗೆ ಮಕ್ಕಳ ಕ್ಲೇ ಹಚ್ಚಿ, ಚೇಂಬರ್ ಕೂರಿಸಿ ತೆಗೆದು, ತಳಕ್ಕೆ ಎಷ್ಟು ಸಂದಿ ಇದೆ ಅಂತಲೂ ಅಳೆದುಕೊಂಡೆ.

ಈಗ ಅದೇ ತಿರುವಿನಲ್ಲಿ 46ಕ್ಕಿಂತ ಕೆಳಗೆ ಹೋಗುವುದಿಲ್ಲ. ಗಾಜಿನ ಕೆಳಗೆ ದೊಡ್ಡದೊಂದು ದೀಪವೂ ಇದೆ. 4000 ಆರ್‌ಪಿಎಂ ಮೇಲೆ ಒತ್ತಡ 35ಕ್ಕಿಂತ ಇಳಿದರೆ ಕಣ್ಣಿಗೆ ರಾಚುತ್ತದೆ, ನಾನು ಕಾಲೆತ್ತುತ್ತೇನೆ. ಸ್ನೇಹಿತರು ಅಕ್ಯುಸಂಪ್ ಹಾಕಿಸು ಅಂತಾರೆ. ಒತ್ತಡದಲ್ಲಿ ಆಯಿಲ್ ಕೂಡಿಟ್ಟು, ಪಂಪ್ ಸೋತಾಗ ಬಿಡುವ ಸಿಲಿಂಡರ್ ಅದು. ಒಳ್ಳೆಯದೇ, ಆದರೆ ನನ್ನ ಗೆರೆ ನೋಡಿದರೆ ಸದ್ಯಕ್ಕೆ ಬೇಡ.

ಪ್ರತಿ ಸಲ ಊರಿಗೆ ಬಂದು ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯುತ್ತೇನೆ. ಬೇರಿಂಗ್ ಸವೆದಿದ್ದರೆ ಲೋಹದ ಚೂರು ಮಿನುಗುತ್ತದೆ. ಕಳೆದ ಸಲ ಏನೂ ಮಿನುಗಲಿಲ್ಲ.